ಒಳಗಣ್ಣು ಸಾಕೆನ್ನುವ ಮಾತು

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿಂದ ಸುಮಾರು ಒಂದು ಅಡಿ ದೂರಕ್ಕೆ ಎತ್ತಿ ಹಿಡಿದು, ಅದರ ಲೇಪವಾದ ಕಂತಿಯ ಕಪ್ಪು ಮೈಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಬೀಳುವಂತೆ ಮಾಡಿ, ರೆಪ್ಪೆ ಬಡಿಯದೆ ಆ ಚುಕ್ಕೆಯಲ್ಲೇ ನೋಟ ನೆಡುವುದು ಲಿಂಗಾಯತ ಅನುಷ್ಠಾನದ ತಿರುಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಎಷ್ಟೋ ಮನೆಗಳಲ್ಲಿ ಅದು ಇಂದಿಗೂ ಬೆಳಗಿನ ಮೊದಲ ಕೆಲಸ. ಆ ಚುಕ್ಕೆಯ ಲೆಕ್ಕವನ್ನೇ ಮೊದಲು ಹಾಕೋಣ. ಕಣ್ಣಿನ ಹಿಂಗೋಡೆಗೆ ಹರಡಿರುವ ರೆಟಿನಾದ ನಟ್ಟನಡುವೆ ಮ್ಯಾಕುಲಾ ಎಂಬ ಭಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲವೂ ಅದರ ನಡುಗುಳಿಯಿಂದಲೇ. ಅಲ್ಲಿ 400 ಮೈಕ್ರಾನ್ ಅಗಲದ ತೂತು ಬಿದ್ದರೆ, ಅಂದರೆ ಗಸಗಸೆ ಕಾಳಿನ ಅರ್ಧದಷ್ಟೂ ಇಲ್ಲದ ತೂತು, ಒಂದು ಅಡಿ ದೂರದ ಅಂಗೈಯಲ್ಲಿ ಸುಮಾರು 7 ಮಿಲಿಮೀಟರ್ ಜಾಗ ಅಳಿಸಿಹೋಗುತ್ತದೆ. ಲಿಂಗ ಉಳಿಯುತ್ತದೆ, ಅಂಗೈ ಉಳಿಯುತ್ತದೆ, ಬೆರಳು, ವಿಭೂತಿ, ಬಿಲ್ವದ ಎಸಳು ಎಲ್ಲ ಉಳಿಯುತ್ತವೆ. ಹೋಗುವುದು ಆ ಚುಕ್ಕೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ದೇವಿಯ ಮೂರ್ತಿಯಿಂದ 5 ಮೀಟರ್ ದೂರ ನಿಂತವರಿಗೆ ಇದೇ ತೂತು 12 ಸೆಂಟಿಮೀಟರ್ ಆಗುತ್ತದೆ: ಸೀರೆ, ಹೂವು, ಭಂಡಾರ, ಆರತಿಯ ಬೆಳಕು ಕಾಣುತ್ತವೆ, ದೇವಿಯ ಕಣ್ಣು ಮೂಗು ಕಾಣುವುದಿಲ್ಲ. ಎಲ್ಲಿ ನೋಡಬೇಕೋ ಅಲ್ಲಷ್ಟೇ ನೋಟವಿಲ್ಲ.

ಹೀಗಾದವರಿಗೆ ನಮ್ಮ ಕಡೆ ಹೇಳುವ ಸಮಾಧಾನ ಒಂದೇ: ‘ಹೊರಗಣ್ಣು ಹೋದರ ಏನಾತು, ಒಳಗಣ್ಣು ಐತಲ್ಲ.’ ಇದನ್ನು ವೇದಾಂತಿಗಳೂ ಹೇಳುತ್ತಾರೆ, ಕಟ್ಟೆಯ ಮೇಲೆ ಕೂತ ಹಿರಿಯರೂ ಹೇಳುತ್ತಾರೆ. ಮಾತಿನಲ್ಲಿ ಕರುಣೆಯಿದೆ, ಆದರೆ ಸತ್ಯವಿದೆ ಎಂದು ನನಗೆ ಅನ್ನಿಸುವುದಿಲ್ಲ. ಈ ಒಂದು ರೋಗದ ಮಟ್ಟಿಗಂತೂ ಅದು ತಿರುವುಮುರುವು. ಏಕೆಂದರೆ ಇಲ್ಲಿ ಮೋಸ ಮಾಡುವುದು ಹೊರಗಣ್ಣಲ್ಲ, ಒಳಗಣ್ಣು.

ಕಾರಣ ನೋಡಿ. ಕಣ್ಣುಗುಡ್ಡೆಯ ಒಳಗೆ ತುಂಬಿರುವ ಲೋಳೆ ವಯಸ್ಸಾದಂತೆ ನೀರಾಗುತ್ತ, ಕುಗ್ಗುತ್ತ, ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಹೆಚ್ಚಿನವರಲ್ಲಿ ಇದು ಸದ್ದಿಲ್ಲದೆ ಮುಗಿಯುತ್ತದೆ. ಕೆಲವರಲ್ಲಿ ಅದು ನಡುಗುಳಿಗೆ ಅಂಟಿಕೊಂಡೇ ಎಳೆಯುತ್ತದೆ, ಎಳೆದಲ್ಲಿ ಬಾಯಿ ಬಿಡುತ್ತದೆ. ಆದರೆ ಆ ಬಾಯಿ ಕಪ್ಪು ಕಿಂಡಿಯಾಗಿ ಕಾಣುವುದಿಲ್ಲ. ಅಲ್ಲಿದ್ದ ಜೀವಕೋಶಗಳು ಬಹುಪಾಲು ಸತ್ತಿರುವುದಿಲ್ಲ, ಜಾತ್ರೆಯಲ್ಲಿ ಪಲ್ಲಕ್ಕಿಗೆ ದಾರಿ ಬಿಟ್ಟ ಜನರಂತೆ ಸುತ್ತಲೂ ಸರಿದಿರುತ್ತವೆ. ಸರಿದರೂ ತಾವು ಮೊದಲಿನ ಜಾಗದಲ್ಲೇ ಇದ್ದೇವೆಂಬಂತೆ ಮೆದುಳಿಗೆ ಸುದ್ದಿ ಕಳಿಸುತ್ತವೆ. ಹಾಗಾಗಿ ಬಾಗಿಲ ಚೌಕಟ್ಟು ನಡುವೆ ಒಳಕ್ಕೆ ಬಾಗಿದಂತೆ, ಎದುರಿದ್ದವರ ಮುಖ ಮೂಗಿನ ಕಡೆಗೆ ಚಿವುಟಿದಂತೆ ಕಾಣುತ್ತದೆ. ಅದೂ ಇನ್ನೊಂದು ಕಣ್ಣು ಮುಚ್ಚಿಕೊಂಡರೆ ಮಾತ್ರ. ಎರಡೂ ಕಣ್ಣು ತೆರೆದಿದ್ದರೆ ಸರಿಯಿರುವ ಕಣ್ಣಿನ ಚಿತ್ರವನ್ನು ಮನಸ್ಸು ಮೇಲೆ ಹೊದಿಸಿ, ಎಲ್ಲ ನೆಟ್ಟಗಿದೆ ಎಂದು ಹೇಳಿಬಿಡುತ್ತದೆ. ಕುಮಾರಿಲ ಭಟ್ಟನ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಒಂದು ಪ್ರಮಾಣವೆಂದರು. ನೆಲದ ಮೇಲೆ ಕೊಡ ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಕೊಡ ಇಲ್ಲ. ಅದಕ್ಕೆ ಅವರು ಹಾಕಿದ ಷರತ್ತು ‘ಕಾಣಬೇಕಿತ್ತು’ ಎನ್ನುವುದು: ನೋಡುವ ಸಾಧನ ನೆಟ್ಟಗಿರಬೇಕು. ಮ್ಯಾಕುಲಾದ ತೂತು ಆ ಷರತ್ತಿನ ಬುಡಕ್ಕೇ ಕೈ ಹಾಕುತ್ತದೆ. ಇಲ್ಲದಿರುವುದು ಇಲ್ಲವೆಂದು ತೋರುವುದಿಲ್ಲ, ಸಾಧನ ಕೆಟ್ಟಿದ್ದೂ ಸಾಧನಕ್ಕೆ ತಿಳಿಯುವುದಿಲ್ಲ. ಒಳಗಣ್ಣು ಅಷ್ಟು ನಿಷ್ಠೆಯಿಂದ ತೇಪೆ ಹಾಕಿರುತ್ತದೆ.

ತೇಪೆಯ ಬೆಲೆ ತೂತಿನ ಗಾತ್ರದಲ್ಲಿ ಗೊತ್ತಾಗುತ್ತದೆ. ವೈದ್ಯರು 250 ಮೈಕ್ರಾನ್ ವರೆಗಿನದನ್ನು ಸಣ್ಣದೆಂದೂ, 400 ಮೀರಿದ್ದನ್ನು ದೊಡ್ಡದೆಂದೂ ವಿಂಗಡಿಸಿದ್ದಾರೆ. ಆದರೆ ಅದು ಹುಟ್ಟಿನಿಂದ ಬಂದ ಗಾತ್ರವಲ್ಲ. ಬಿಟ್ಟಷ್ಟು ದಿನ ಅದು ಅಗಲವಾಗುತ್ತದೆ, ಅಗಲವಾದಷ್ಟೂ ಮುಚ್ಚುವುದು ಕಷ್ಟ, ಮುಚ್ಚಿದ ಮೇಲೂ ನೋಟ ಅಷ್ಟಕ್ಕಷ್ಟೆ. ದೊಡ್ಡ ತೂತು ಎಂದರೆ ಬಹಳ ಸಲ ತಡವಾದ ತೂತು. ಈ ತಡಕ್ಕೆ ಧರ್ಮವನ್ನಷ್ಟೇ ಹೊಣೆ ಮಾಡುವುದು ನ್ಯಾಯವಲ್ಲ, ವೈದ್ಯದ ಹಳೆಯ ಗೆಲುವಿಗೂ ಇದರಲ್ಲಿ ಪಾಲಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಜನರ ಪೊರೆ ತೆಗೆದರು. ಆ ಪುಣ್ಯದ ನೆನಪಿನಲ್ಲಿ ನಮ್ಮ ಹಳ್ಳಿಗಳಿಗೆ ಕಣ್ಣಿನ ರೋಗವೆಂದರೆ ಪೊರೆಯೇ ಆಯಿತು. ಪೊರೆಯ ಹಳೆಯ ಶಾಸ್ತ್ರವೋ ಕಾಯುವುದು, ಅದು ಹಣ್ಣಾಗಬೇಕು. ಹಣ್ಣಾಗಲೆಂದು ಕಾದರೆ ಪೊರೆಗೆ ದೊಡ್ಡ ಕೇಡಿರಲಿಲ್ಲ. ತೂತಿಗೆ ಕಾಯುವುದೇ ಕೇಡು. ಆ ಕಾಯುವಿಕೆಗೆ ‘ಒಳಗಣ್ಣು ಐತಲ್ಲ’ ಎಂಬ ಮಾತು ಸೇರಿದರೆ ರಾಮದುರ್ಗದ ಹಳ್ಳಿಯಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವ ಬಸ್ಸು ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಶರಣರು ಅರಿವನ್ನು ದೊಡ್ಡದು ಮಾಡಿದರು, ಕಣ್ಣನ್ನಲ್ಲ. ಹೊರಗಿನ ಪೂಜೆಯನ್ನು ಅಲ್ಲಮನಷ್ಟು ಕಟುವಾಗಿ ಕೆಣಕಿದವರಿಲ್ಲ. ಹೀಗಿರುವಾಗ ಚುಕ್ಕೆ ಕಂಡರೆಷ್ಟು ಬಿಟ್ಟರೆಷ್ಟು ಎಂದು ಕೇಳಬಹುದು. ಆದರೆ ಅಲ್ಲಮನ ಕಥೆ ಎಲ್ಲಿ ತಿರುಗುತ್ತದೆ ಎಂದು ನೆನೆಯಿರಿ. ನೆಲದಲ್ಲಿ ಹೂತುಹೋದ ಗುಡಿಯ ಬಾಗಿಲು ತೆರೆದಾಗ ಅವನಿಗೆ ಸಿಕ್ಕವನು ಅನಿಮಿಷ. ರೆಪ್ಪೆ ಬಡಿಯದವನು ಎಂಬುದೇ ಆತನ ಹೆಸರು. ಅಂಗೈಯ ಲಿಂಗದಲ್ಲಿ ನೆಟ್ಟ ಕಣ್ಣು ನೆಟ್ಟಂತೆಯೇ ಇತ್ತು, ಆ ಕೈಯಿಂದಲೇ ಅಲ್ಲಮನಿಗೆ ಲಿಂಗ ಬಂತು. ಹೊರಗನ್ನು ನಿರಾಕರಿಸಿದ ಮಹಾನುಭಾವನಿಗೂ ದೀಕ್ಷೆ ದೊರೆತದ್ದು ತೆರೆದ ಮಾಂಸದ ಕಣ್ಣಿನ ಎದುರು. ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದದ್ದು ಮೈಯನ್ನು ಬಿಟ್ಟುಕೊಡುವುದಕ್ಕಲ್ಲ, ಮೈಯನ್ನೇ ಗುಡಿ ಮಾಡುವುದಕ್ಕೆ. ಮೈಯೇ ಗುಡಿಯಾದರೆ ಅದರ ಬಾಗಿಲು ಬಿರುಕು ಬಿಟ್ಟಾಗ ದುರಸ್ತಿ ಮಾಡಿಸುವುದು ಲೌಕಿಕದ ಆಸೆ ಹೇಗಾಗುತ್ತದೆ? ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಿನ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವನ್ನು ಹೊಳೆಯ ನೀರಿನಿಂದ ಕಾಪಾಡಲು ಜನ ಪಟ್ಟ ಪಾಡು ಯಾರಿಗೂ ಅಧ್ಯಾತ್ಮಕ್ಕೆ ವಿರುದ್ಧ ಅನ್ನಿಸಲಿಲ್ಲ. ಕಲ್ಲಿಗೆ ಕೊಟ್ಟ ಮರ್ಯಾದೆ ಕಣ್ಣಿಗೂ ಸಿಗಲಿ.

ಎರಡನೆಯ ಆಕ್ಷೇಪವನ್ನು ನಾನು ಇನ್ನೂ ಗೌರವದಿಂದ ಕೇಳುತ್ತೇನೆ. ಗದುಗಿನ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅವರ ಲಿಂಗಪೂಜೆ ಯಾರಿಗೆ ಕಡಿಮೆ? ಯಾರಿಗೂ ಕಡಿಮೆಯಲ್ಲ. ಆದರೆ ಆ ಉದಾಹರಣೆ ಸಾಧಿಸುವುದು ಬೇರೆಯದನ್ನು. ಹುಟ್ಟಿನಿಂದಲೋ ಶೈಶವದಿಂದಲೋ ಕಣ್ಣಿಲ್ಲದವರು ಕೈಯ ಸ್ಪರ್ಶದಿಂದ, ಕಿವಿಯಿಂದ, ನಾದದಿಂದ ಒಂದು ಇಡೀ ಪೂಜೆಯನ್ನು ಬದುಕಿನುದ್ದಕ್ಕೂ ಕಟ್ಟಿಕೊಂಡರು. ಅದು ಒಳಗಣ್ಣಿನ ಪವಾಡವಲ್ಲ, ಬೆರಳ ತುದಿಯ ಕಾಯಕ. ಅರವತ್ತೈದರಲ್ಲಿ ನಟ್ಟನಡುವಿನ ನೋಟ ಕಳೆದುಕೊಂಡ ಮುದುಕಿಗೆ ಆ ಕಾಯಕಕ್ಕೆ ವರ್ಷಗಳೂ ಉಳಿದಿಲ್ಲ, ಗುರುವೂ ಇಲ್ಲ. ಗವಾಯಿಗಳ ಹೆಸರು ಹೇಳಿ ಆಕೆಯನ್ನು ಮನೆಯಲ್ಲಿ ಕೂರಿಸುವುದು ಅವರ ಶ್ರಮಕ್ಕೂ ಅವಮಾನ.

ಮುದುಕಿ ಎಂದೆ. ಸುಮ್ಮನೆ ಅಂದದ್ದಲ್ಲ. ಅರವತ್ತು ದಾಟಿದ ಹೆಂಗಸರಲ್ಲಿ ಈ ತೂತು ಗಂಡಸರಿಗಿಂತ ಹೆಚ್ಚು. ಸವದತ್ತಿಯ ಗುಡ್ಡದ ಪುರಾಣವನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಮರಳಿನಲ್ಲಿ ಕೊಡ ಮಾಡಿ, ಹಾವಿನ ಸಿಂಬೆ ಮೇಲೆ ಇಟ್ಟು ನೀರು ತರುತ್ತಿದ್ದ ರೇಣುಕೆಯ ನೋಟ ಒಂದು ಗಳಿಗೆ ಹೊಳೆಯಲ್ಲಿ ಆಡುತ್ತಿದ್ದ ಗಂಧರ್ವರ ಕಡೆ ಹೊರಳಿತು, ಮರಳು ಮರಳಾಗಿಯೇ ಉಳಿಯಿತು. ನೋಟ ತಪ್ಪಿದ ಹೆಣ್ಣಿಗೆ ಶಿಕ್ಷೆ ಎಂಬ ಆ ಕಥೆ ನಮ್ಮ ನಾಲಿಗೆಯಲ್ಲಿ ಇನ್ನೂ ಇದೆ. ಮುದುಕಿಯ ಕಣ್ಣು ಕೆಟ್ಟರೆ ‘ಏನು ತಪ್ಪಾಗಿತ್ತೋ, ಅವ್ವನ ಕಾಡಾಟ’ ಎನ್ನುವವರು ಪಕ್ಕದ ಮನೆಯಲ್ಲೇ ಸಿಗುತ್ತಾರೆ. ಲೋಳೆ ಕುಗ್ಗುವುದಕ್ಕೆ ಶೀಲ ಗೊತ್ತಿಲ್ಲ. ರೇಣುಕೆಯ ರುಂಡ ಬಿದ್ದ ಮೇಲೂ ಜನ ಆಕೆಯನ್ನು ಬಿಡದೆ, ಎಲ್ಲಮ್ಮ ದೇವಿಯೆಂದು ಗುಡ್ಡದ ಮೇಲೆ ಕೂರಿಸಿದರಲ್ಲ, ಆ ಕಥೆಯ ದೊಡ್ಡ ಅರ್ಧ ಅದು. ತಪ್ಪು ಹುಡುಕುವವರು ಮೊದಲರ್ಧದಲ್ಲೇ ನಿಲ್ಲುತ್ತಾರೆ.

ಈಗ ದುರಸ್ತಿಯ ಮಾತು. 1991ರಲ್ಲಿ ಅಮೆರಿಕದ ಕೆಲ್ಲಿ ಮತ್ತು ವೆಂಡೆಲ್ ಎಂಬ ವೈದ್ಯರು 52 ಕಣ್ಣುಗಳ ಲೆಕ್ಕ ಮುಂದಿಡುವ ತನಕ ಈ ತೂತಿಗೆ ಮದ್ದಿಲ್ಲವೆಂದೇ ಪಾಠವಿತ್ತು. ಅವರು ಕಣ್ಣಿನ ಲೋಳೆ ತೆಗೆದು, ಅನಿಲ ತುಂಬಿ, ರೋಗಿಯನ್ನು ತಲೆ ತಗ್ಗಿಸಿ ಇರಿಸಿದರು. ನೂರಕ್ಕೆ 58 ತೂತುಗಳು ಮುಚ್ಚಿದವು. ಮುಂದೆ ತೂತಿನ ಸುತ್ತಲ ಅತಿ ತೆಳು ಪೊರೆಯನ್ನು, ಕೂದಲೆಳೆಯ ದಪ್ಪದ ಎಷ್ಟೋ ಪಾಲು ಕಡಿಮೆಯಾದದ್ದನ್ನು, ನೀಲಿ ಬಣ್ಣ ಹಚ್ಚಿ ಗುರುತಿಸಿ ಸುಲಿಯುವುದು ರೂಢಿಯಾಯಿತು. ದೊಡ್ಡ ತೂತು ಇದಕ್ಕೂ ಪೂರ್ತಿ ಬಗ್ಗಲಿಲ್ಲ. 2010ರಲ್ಲಿ ಪೋಲೆಂಡಿನ ಮಿಖಲೆವ್ಸ್ಕಾ ಮತ್ತು ಸಂಗಡಿಗರು ಪೊರೆಯನ್ನು ಪೂರ್ತಿ ಕಿತ್ತು ಬಿಸಾಡದೆ, ಅಂಚಿಗೆ ಅಂಟಿಕೊಂಡಂತೆ ಬಿಟ್ಟು, ಹಂಚಿನ ಮೇಲೆ ರೊಟ್ಟಿ ಮಗುಚಿದಂತೆ ತೂತಿನ ಮೇಲೆ ಮಗುಚಿದರು. 400 ಮೈಕ್ರಾನ್ ಮೀರಿದ ತೂತುಗಳಲ್ಲಿ ನೂರಕ್ಕೆ 98 ಮುಚ್ಚಿದವು, ಹಳೆಯ ವಿಧಾನದಲ್ಲಿ 88. ಇಲ್ಲಿ ಗಮನಿಸಬೇಕಾದದ್ದು, ವೈದ್ಯರು ಹೊಲಿಗೆ ಹಾಕುವುದಿಲ್ಲ, ಅಂಟು ಹಚ್ಚುವುದಿಲ್ಲ. ಮಗುಚಿದ ಪೊರೆ ಒಂದು ಸೇತುವೆ, ಅದರ ಮೇಲೆ ತೆವಳಿ ಬಂದು ಬಾಯಿ ಮುಚ್ಚುವುದು ಕಣ್ಣಿನದೇ ಆಸರೆಕೋಶಗಳು. ಸರಿದು ನಿಂತವರು ಮರಳಿ ಬರಲು ದಾರಿ ಮಾಡಿಕೊಡುವುದಷ್ಟೇ ಕೈಯ ಕೆಲಸ. ಇದೂ ಸೋತ ಕಣ್ಣುಗಳಿಗೆ ಇಟಲಿಯ ವೈದ್ಯರು ಹೆರಿಗೆಯ ನಂತರ ದಾನವಾಗಿ ಬಂದ ಗರ್ಭದ ಪೊರೆಯ ಚೂರನ್ನು ತೂತಿನೊಳಗೆ ಇಟ್ಟು ನೋಡಿದ್ದಾರೆ, ಫಲ ಸಿಕ್ಕಿದೆ. ಹೆರಿಗೆಯ ಮೈಲಿಗೆಯೆಂದು ಹೂಳುವ ವಸ್ತು ಅದು. ಪಂಚಸೂತಕಗಳಲ್ಲಿ ಜನನ ಸೂತಕವನ್ನು ಮೊದಲೇ ತಳ್ಳಿಹಾಕಿದ ಪರಂಪರೆಗೆ ಅದನ್ನು ಕಣ್ಣೊಳಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ತಳ್ಳಿಹಾಕಿದ್ದು ಬಾಯಲ್ಲಿ ಮಾತ್ರವೋ ಎಂಬುದು ಬೇರೆ ಪ್ರಶ್ನೆ.

ಆಪರೇಷನ್ ಮುಗಿದ ಮೇಲೆ ರೋಗಿ ಕೆಲವು ದಿನ ಮುಖ ಕೆಳಗೆ ಮಾಡಿ ಇರಬೇಕು. ಅನಿಲದ ಗುಳ್ಳೆ ಮೇಲಕ್ಕೆ ತೇಲಿ ಮ್ಯಾಕುಲಾಗೆ ಒತ್ತಿಕೊಳ್ಳಲಿ ಎಂಬ ಕಾರಣಕ್ಕೆ. ಭರತ ಹುಣ್ಣಿಮೆಗೆ ಗುಡ್ಡದ ದಾರಿಯಲ್ಲಿ ದೀಡ ನಮಸ್ಕಾರ ಹಾಕುವವರನ್ನು ಕಂಡ ನಾಡಿಗೆ ಈ ಭಂಗಿ ಹೊಸತಲ್ಲ. ಹಾಗಾದರೆ ಇದೂ ಒಂದು ವ್ರತವೇ? ನನಗೆ ಅಲ್ಲವೆನ್ನಿಸುತ್ತದೆ. ವ್ರತ ಯಾರಿಗೋ ಸಲ್ಲಿಸುವ ಮಾತು, ಈ ಭಂಗಿ ಗುಳ್ಳೆಗೆ ಕೊಟ್ಟ ಅನುಕೂಲ. ವ್ಯತ್ಯಾಸ ಇನ್ನೊಂದು ಕಡೆ ಸ್ಪಷ್ಟವಾಗುತ್ತದೆ. ಬ್ರಿಟನ್ನಿನಲ್ಲಿ ದೊಡ್ಡ ತೂತಿನ 185 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ 5 ದಿನ, ದಿನಕ್ಕೆ ಕನಿಷ್ಠ 8 ಗಂಟೆ ತಲೆ ತಗ್ಗಿಸಲು ಹೇಳಿ, ಇನ್ನೊಂದಕ್ಕೆ ಮುಂದೆ ನೋಡಿಕೊಂಡಿರಲು ಹೇಳಿ ಪರೀಕ್ಷಿಸಿದರು. 2020ರಲ್ಲಿ ಫಲ ಪ್ರಕಟವಾಯಿತು: ತಗ್ಗಿಸಿದವರಲ್ಲಿ ನೂರಕ್ಕೆ 95ರಷ್ಟು ಮುಚ್ಚಿತು, ತಗ್ಗಿಸದವರಲ್ಲಿ 86ರಷ್ಟು. ವ್ಯತ್ಯಾಸ ಕಾಣುತ್ತದೆ, ಆದರೆ ಅದು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟಲ್ಲ ಎಂದು ಸಂಶೋಧಕರೇ ಬರೆದರು. ತಮ್ಮ ವಿಧಿಯನ್ನು ತಾವೇ ತಕ್ಕಡಿಗಿಟ್ಟರು. ದೀಡ ನಮಸ್ಕಾರವನ್ನು ಯಾರೂ ಹೀಗೆ ತೂಗುವುದಿಲ್ಲ, ತೂಗಬೇಕಾಗಿಯೂ ಇಲ್ಲ, ಏಕೆಂದರೆ ಅದು ಫಲಕ್ಕೆ ಮಾಡುವ ಕೆಲಸವಲ್ಲ. ಫಲಕ್ಕೆ ಮಾಡುವ ಹರಕೆಯೆಂದುಕೊಂಡು, ಕಣ್ಣಿಗಾಗಿ ಬೆಳ್ಳಿಯ ಕಣ್ಣು ಅರ್ಪಿಸಿ, ಆಸ್ಪತ್ರೆಯನ್ನು ಮರೆತಾಗಲೇ ಹರಕೆ, ಚಿಕಿತ್ಸೆ ಎರಡೂ ಕೆಡುತ್ತವೆ. ಬೆಳ್ಳಿಯ ಕಣ್ಣು ಕೊಟ್ಟು ಮರುದಿನ ಬಸ್ಸು ಹತ್ತಿದವಳೊಂದಿಗೆ ನನಗೆ ತಕರಾರಿಲ್ಲ.

ಕೊನೆಯ ಆಕ್ಷೇಪ ಫಲದ ಬಗ್ಗೆಯೇ: ಇಷ್ಟೆಲ್ಲ ಮಾಡಿದರೂ ನೋಟ ಮೊದಲಿನಂತೆ ಆಗುವುದಿಲ್ಲವಲ್ಲ? ದೊಡ್ಡ ತೂತಿನಲ್ಲಿ ಆಗುವುದಿಲ್ಲ, ನಿಜ. ತೂತು ಮುಚ್ಚುವುದು ಬೇರೆ, ನೋಟ ಮರಳುವುದು ಬೇರೆ. ಚೌಕಟ್ಟಿನ ಗೆರೆ ತುಸು ವಾರೆಯಾಗಿಯೇ ಉಳಿಯಬಹುದು, ಸಣ್ಣ ಅಕ್ಷರ ಕೈಗೆ ಸಿಗದಿರಬಹುದು, ತಿಂಗಳುಗಟ್ಟಲೆ ನಿಧಾನ ಸುಧಾರಣೆಯನ್ನು ಕಾಯಬೇಕಾಗಬಹುದು. ಮುಚ್ಚದೆ ಉಳಿದವರೂ ತಮಗರಿಯದೆ ಒಂದು ಕೆಲಸ ಕಲಿಯುತ್ತಾರೆ: ಕಣ್ಣನ್ನು ತುಸು ಪಕ್ಕಕ್ಕೆ ಹೊರಳಿಸಿ, ರೆಟಿನಾದ ಕೆಡದ ಇನ್ನೊಂದು ಜಾಗದಿಂದ ನೋಡುತ್ತಾರೆ. ದೇವಿಯ ಮುಖ ಕಾಣಲು ಆಕೆಯ ಕಿವಿಯ ಕಡೆ ನೋಡಬೇಕು, ಚುಕ್ಕೆ ಕಾಣಲು ಹೆಬ್ಬೆರಳ ಕಡೆ. ಅನುಷ್ಠಾನ ಹೇಳಿಕೊಡುವವರು ‘ನೆಟ್ಟಗೆ ನೋಡು’ ಎಂದು ಗದರುವ ಮುನ್ನ, ಕೂತವರ ಕಣ್ಣನ್ನು ಒಂದೊಂದಾಗಿ ಮುಚ್ಚಿಸಿ, ದೀಪದ ಚುಕ್ಕೆ ಕಾಣುತ್ತದೆಯೇ ಎಂದು ಕೇಳಬಹುದು. ಮೊದಲು ಎಡ, ಆಮೇಲೆ ಬಲ.