ಯಾರ ಗಾಯ ಮೊದಲು?

ನೆಪೋಲಿಯನ್ನನ ಸೇನಾವೈದ್ಯ ಲಾರೆ 1812ರ ಬೊರೊಡಿನೊ ಕದನದಲ್ಲಿ ಒಂದೇ ದಿನ ಸುಮಾರು 200 ಮಂದಿಯ ಕೈಕಾಲು ಕತ್ತರಿಸಿದರಂತೆ. ಅರಿವಳಿಕೆ ಇನ್ನೂ ಬಂದಿರದ ಕಾಲ! ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ನಿಯಮ: ಹುದ್ದೆ ನೋಡಬೇಡಿ, ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲ ಚಿಕಿತ್ಸೆ.

ಮುಂದಿನ ಯುದ್ಧಗಳಲ್ಲಿ ವೈದ್ಯರ ಪಾಲಿಗೆ ಇನ್ನೂ ಕಠಿಣವಾದ ಮಾತು ಸೇರಿತು. ಗಾಯಾಳುಗಳು ಮಿತಿಮೀರಿದಾಗ, ಬದುಕುವ ಭರವಸೆಯಿಲ್ಲದವನ ನೋವಿಗಷ್ಟೇ ಮದ್ದು ಕೊಟ್ಟು ಮುಂದಿನವನ ಕಡೆ ತಿರುಗಬೇಕು. ಹತ್ತು ಜೀವ ಉಳಿಯುತ್ತದಲ್ಲ ಎನ್ನಬಹುದು. ಬಿಟ್ಟವನ ಕಣ್ಣು ತೆರೆದೇ ಇದ್ದರೆ?

ಅವರಿಗೆ ಗುಂಡಿನ ಸುರಿಮಳೆಯ ನೆಪವಾದರೂ ಇತ್ತು. ನಾನೊಮ್ಮೆ ಎಸ್ಸೆಸ್ಸೆಲ್ಸಿಯ ಒಬ್ಬ ಹುಡುಗಿಯನ್ನು ‘ಹೇಗೂ ಪಾಸಾಗುವುದಿಲ್ಲ’ ಎಂದು ಬಿಟ್ಟು, ಅಂಚಿನಲ್ಲಿದ್ದವರಿಗೆ ಸಂಜೆ ಪಾಠ ಹೇಳಿದೆ. ಅವರೆಲ್ಲ ಪಾಸಾದರು. ಅವಳು ಗೆಳತಿಗಾಗಿ ದಿನವೂ ಜಗಲಿಯಲ್ಲಿ ಕಾಯುತ್ತಿದ್ದಳು. ನಾನು ಬಾಗಿಲ ಕಡೆ ನೋಡುತ್ತಿರಲಿಲ್ಲ.