ಕಾಗದವಿಲ್ಲದ ಕಾಗದ

ನಮ್ಮ ನುಡಿಯಲ್ಲಿ ಕಾಗದವೆಂಬ ಮಾತಿಗೆ ಎರಡು ಅರ್ಥಗಳುಂಟು. ಬರೆಯುವ ಹಾಳೆಯೂ ಕಾಗದವೇ; ಅದರ ಮೇಲೆ ಬರೆದು ಕಳುಹಿಸಿದ ಪತ್ರವೂ ಕಾಗದವೇ. “ಊರಿನಿಂದ ಕಾಗದ ಬಂದಿತೆ?” ಎಂದು ಕೇಳುವಾಗ ನಮ್ಮ ಹಿರಿಯರು ಇವೆರಡನ್ನೂ ಬೇರೆಬೇರೆಯಾಗಿ ಎಣಿಸಿದವರಲ್ಲ. ಹಾಳೆ ಬಂದರೆ ಮಾತು ಬಂದಂತೆ. ಹಾಳೆ ಮನೆಯಲ್ಲಿದ್ದರೆ ಮಾತು ಮನೆಯಲ್ಲಿದ್ದಂತೆ. ಓದಿ ಮುಗಿದ ಕಾಗದಗಳನ್ನು ಗೋಡೆಗೆ ತೂಗಹಾಕಿದ ತಂತಿಗೆ ಚುಚ್ಚಿಡುತ್ತಿದ್ದರು. ಬರೆದವನು ಬದುಕಿರಲಿ, ಇಲ್ಲದಿರಲಿ. ಸ್ನೇಹವು ಉಳಿದಿರಲಿ, ಕೆಟ್ಟಿರಲಿ. ಆ ತಂತಿಯಿಂದ ಒಂದು ಹಾಳೆಯನ್ನು ಹಿಂದಕ್ಕೆ ಪಡೆಯಬೇಕಾದರೆ ಅವನು ಆ ಮನೆಯ ಹೊಸ್ತಿಲು ತುಳಿದು, ಬಾಯಿಬಿಟ್ಟು ಕೇಳಬೇಕಾಗಿತ್ತು.

ಈಗ ಮಾತು ಉಳಿದಿದೆ, ಹಾಳೆ ಹೋಗಿದೆ. ಹಾಳೆಯೊಡನೆ ಇನ್ನೇನಾದರೂ ಹೋಯಿತೆ ಎಂಬುದೇ ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

೨೦೧೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಮ್ಮ ದೇಶದ ತಂತಿ ಸೇವೆಯು ಒಂದೂವರೆ ಶತಮಾನಕ್ಕೂ ಮಿಕ್ಕಿ ನಡೆದು ನಿಂತಿತು. ಮರುತಿಂಗಳಲ್ಲಿಯೇ ರಷ್ಯಾ ದೇಶದ ಪಾವೆಲ್ ದೂರೊವ್, ನಿಕೊಲಾಯ್ ದೂರೊವ್ ಎಂಬ ಸೋದರರು ‘ಟೆಲಿಗ್ರಾಂ’ ಎಂಬ ಅದೇ ಹೆಸರಿನ ಸಂದೇಶ ಸಾಧನವನ್ನು ಹೊರತಂದರು. ಹೆಸರು ಒಂದು, ಸ್ವಭಾವ ಬೇರೆ. ಹಳೆಯ ತಂತಿಯನ್ನು ಜವಾನನು ಬಾಗಿಲಿಗೆ ತಂದು, ರುಜು ಹಾಕಿಸಿಕೊಂಡು, ಕೈಗೆ ಕೊಟ್ಟು ಹೋಗುತ್ತಿದ್ದನು. ರುಜು ಬಿದ್ದ ಮೇಲೆ ಅದು ಪಡೆದವನ ಸೊತ್ತು. ಹೊಸ ಟೆಲಿಗ್ರಾಮಿನಲ್ಲಿ ಹಾಗೆ ಕೈಗೆ ಬೀಳುವಂಥದು ಯಾವುದೂ ಇಲ್ಲ.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕುಳಿತವರು ಮೊದಲು ಬೆರಗಾಗುವುದು ಅದರ ಸೌಕರ್ಯಕ್ಕೆ. ಮೊಬೈಲಿನಲ್ಲಿ ಅರ್ಧ ಬರೆದು ಬಿಟ್ಟ ವಾಕ್ಯವು ಇಲ್ಲಿ ಕಾದುಕೊಂಡಿರುತ್ತದೆ. ಐದು ವರ್ಷಗಳ ಹಿಂದಿನ ಮಾತು, ಅದರೊಳಗಿನ ಒಂದು ಪದವನ್ನು ಹುಡುಕಿದೊಡನೆಯೇ ಎದ್ದು ಬರುತ್ತದೆ. ೨ ಗಿಗಾಬೈಟಿನವರೆಗಿನ ಕಡತವನ್ನು ಇತ್ತಲಿಂದ ಅತ್ತ ಸಾಗಿಸಬಹುದು. ಮೊಬೈಲು ಬಾವಿಗೆ ಬಿದ್ದುಹೋದರೂ ಕಾಗದಗಳಿಗೆ ಕೇಡಿಲ್ಲ. ಏಕೆಂದರೆ ಅವು ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ನೆಲೆಸಿದವಲ್ಲ. ಸಂಸ್ಥೆಯ ಯಂತ್ರಗಳ ಉಗ್ರಾಣದಲ್ಲಿರುವವು. ನಮ್ಮ ಮೇಜಿನ ಮೇಲಿರುವುದು ಆ ಉಗ್ರಾಣಕ್ಕೆ ತೆರೆದ ಒಂದು ಕಿಟಕಿ ಮಾತ್ರ.

ಆ ಉಗ್ರಾಣಕ್ಕೆ ಮೇಘವೆಂದು ಹೆಸರಿಟ್ಟಿದ್ದಾರೆ. ಕಾಳಿದಾಸನ ಯಕ್ಷನೂ ಮೇಘದ ಕೈಯಲ್ಲಿಯೇ ಸಂದೇಶವನ್ನು ಕಳುಹಿಸಿದವನು. ಆದರೆ ಆ ಮೇಘಕ್ಕೆ ಒಯ್ಯುವುದಷ್ಟೇ ಕೆಲಸ. ಈ ಮೇಘವು ಒಯ್ಯುವುದರ ಜೊತೆಗೆ ಇಟ್ಟುಕೊಳ್ಳುತ್ತದೆ. ಹೆಸರು ಆಕಾಶದ್ದಾದರೂ ಅದರ ಇರವು ನೆಲದ ಮೇಲೆಯೇ: ಗೋಡೆ ಚಾವಣಿಗಳುಳ್ಳ ಕಟ್ಟಡಗಳಲ್ಲಿ, ವಿದ್ಯುತ್ತನ್ನು ಉಂಡು ಬಿಸಿಯೇರುವ ಯಂತ್ರಗಳ ಸಾಲುಗಳಲ್ಲಿ. ಅಂಥ ಪ್ರತಿಯೊಂದು ಕಟ್ಟಡವೂ ಯಾವುದೋ ಒಂದು ದೇಶದ ಕಾನೂನಿನ ಕೆಳಗೆ ನಿಂತಿರುತ್ತದೆ.

ಹಾಗಾದರೆ ಒಂದು ಕಾಗದದಲ್ಲಿ ಈಗ ಮೂವರಿಗೆ ಸಂಬಂಧವುಂಟು: ಬರೆದವನು, ಪಡೆದವನು, ಇಟ್ಟುಕೊಂಡವನು. ಈ ಮೂರನೆಯವನ ಧರ್ಮವೇನು ಎಂಬುದನ್ನು ನಮ್ಮ ಹಿಂದಿನವರು ಯೋಚಿಸದೆ ಬಿಟ್ಟವರಲ್ಲ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣ ನಗರದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯಲ್ಲಿ ಇನ್ನೊಬ್ಬರ ವಶದಲ್ಲಿಟ್ಟ ವಸ್ತುವನ್ನು ಕುರಿತ ಪ್ರಕರಣವೊಂದಿದೆ. ಎದುರಿಗೆ ಎಣಿಸಿ ತೋರಿಸಿ ಒಪ್ಪಿಸಿದುದು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು, ಮುದ್ರೆಯೊತ್ತಿ ಒಪ್ಪಿಸಿದುದು ಉಪನಿಧಿ. ಉಪನಿಧಿಯನ್ನು ಪಡೆದ ಹಾಗೆಯೇ ಹಿಂದಿರುಗಿಸತಕ್ಕದ್ದು. ಇಟ್ಟವನ ಒಪ್ಪಿಗೆಯಿಲ್ಲದೆ ಆ ವಸ್ತುವಿನಿಂದ ತನ್ನ ಜೀವನವನ್ನು ಸಾಗಿಸಿಕೊಂಡವನು ದಂಡಕ್ಕೆ ಅರ್ಹನು. ಅದನ್ನು ವೃದ್ಧಿಸಹಿತವಾಗಿ ತೆತ್ತುಕೊಡಬೇಕಾದವನು.

ನಮ್ಮ ಇಂದಿನ ವಿಷಯಕ್ಕೆ ಈ ವಿಂಗಡಣೆಯು ಆಶ್ಚರ್ಯಪಡುವಷ್ಟು ಹೊಂದುತ್ತದೆ. ಟೆಲಿಗ್ರಾಮಿನ ಸಾಮಾನ್ಯ ಸಂಭಾಷಣೆಗೆ ಬೀಗವುಂಟು, ಆದರೆ ಬೀಗದ ಕೈ ಇರುವುದು ಸಂಸ್ಥೆಯ ಬಳಿಯಲ್ಲಿಯೇ. ಆ ಕೈಯನ್ನು ತುಂಡುಮಾಡಿ ಬೇರೆಬೇರೆ ಕಡೆಗಳಲ್ಲಿ ಇಟ್ಟಿರುವುದಾಗಿ ಅವರು ಹೇಳುತ್ತಾರೆ. ಏನೇ ಆಗಲಿ, ತೆರೆಯಲಾರರು ಎಂಬುದಲ್ಲ, ತೆರೆಯುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ ಎಂಬುದಷ್ಟೇ ನಮ್ಮ ಆಧಾರ. ಇದು ನಿಕ್ಷೇಪ. ‘ಗುಪ್ತ ಸಂಭಾಷಣೆ’ ಎಂಬ ಇನ್ನೊಂದು ಬಗೆಯೂ ಅದರಲ್ಲಿದೆ. ಅಲ್ಲಿ ಬೀಗದ ಕೈ ಇರುವುದು ಮಾತನಾಡುವ ಇಬ್ಬರ ಸಾಧನಗಳಲ್ಲಿ ಮಾತ್ರ. ಸಾಗಿಸುವವನಿಗೆ ಕಾಣುವುದು ಮುದ್ರೆಯೊತ್ತಿದ ಪೆಟ್ಟಿಗೆ. ಇದನ್ನು ಉಪನಿಧಿಗೆ ಹೋಲಿಸಬಹುದು. ಆದರೆ ವಿಂಡೋಸ್ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವ ಟೆಲಿಗ್ರಾಂ ಡೆಸ್ಕ್‌ಟಾಪಿನಲ್ಲಿ ಈ ಎರಡನೆಯ ಬಗೆಗೆ ಎಡೆಯಿಲ್ಲ. ಆದುದರಿಂದ ಅಲ್ಲಿ ಕುಳಿತು ಬರೆಯುವವನು ಪ್ರತಿಸಲವೂ ತೆರೆದ ನಿಕ್ಷೇಪವನ್ನೇ ಇಡುತ್ತಿದ್ದಾನೆ. ಹಾಗೆ ಇಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಸಾಹುಕಾರನ ಬಳಿ ಹಣವಿಟ್ಟವರೆಲ್ಲ ಮೂಢರಲ್ಲ. ಇಟ್ಟಿರುವುದು ನಂಬಿಕೆಯ ಮೇಲೆ ಎಂಬ ಅರಿವು ಇರಬೇಕು, ಅಷ್ಟೆ.

ಮೂರನೆಯವನ ಮಾತು ಇಲ್ಲಿಗೆ ಸಾಕು. ನನ್ನನ್ನು ಹೆಚ್ಚಾಗಿ ಕಾಡಿರುವುದು ಮೊದಲ ಇಬ್ಬರ ನಡುವಣ ನ್ಯಾಯ. ಅದನ್ನು ಹೇಳುವುದಕ್ಕೆ ನನ್ನ ಅನುಭವವೊಂದನ್ನು ಓದುಗರ ಮುಂದೆ ಇಡಬೇಕಾಗಿದೆ.

ಒಬ್ಬ ಮಿತ್ರರೊಡನೆ ಐದು ವರ್ಷಗಳ ಕಾಲ ನಾನು ಈ ಸಾಧನದಲ್ಲಿ ಪತ್ರವ್ಯವಹಾರ ನಡೆಸಿದ್ದೆನು. ಅವರು ನನಗಿಂತ ಹಿರಿಯರು, ಹಳಗನ್ನಡದಲ್ಲಿ ಚೆನ್ನಾಗಿ ನುರಿತವರು. ಬೆಳಗಿನ ಕಾಫಿಯಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಹಿಂದಿನ ದಿನ ಓದಿದ ಪದ್ಯದಲ್ಲಿ ತೊಡಕಾದುದನ್ನು ನಾನು ಬರೆಯುವುದು, ಸಂಜೆಯ ಹೊತ್ತಿಗೆ ಅವರು ಉತ್ತರ ಕೊಡುವುದು. ಇದು ನಡೆದುಬಂದ ಪದ್ಧತಿ. ನಡುವೆ ಮನೆಯ ಕಷ್ಟಸುಖಗಳೂ ಬರುತ್ತಿದ್ದುವು. ಅವರ ಪತ್ನಿಯವರು ಕಾಯಿಲೆಯಿಂದ ತೀರಿಹೋದ ವಾರದಲ್ಲಿ ಅವರು ಬರೆದ ನಾಲ್ಕಾರು ಮಾತುಗಳು, ನಾನು ಬರೆದ ಉತ್ತರ, ಎಲ್ಲವೂ ಅಲ್ಲಿದ್ದುವು. ಆಮೇಲೆ ಒಂದು ಸಾರ್ವಜನಿಕ ಕಾರ್ಯದ ವಿಷಯವಾಗಿ ನಮ್ಮಿಬ್ಬರಿಗೂ ಮನಸ್ತಾಪವಾಯಿತು. ತಪ್ಪು ಎರಡು ಕಡೆಯೂ ಇತ್ತೆಂದು ಈಗ ತೋರುತ್ತದೆ. ಒಂದು ಬೆಳಗ್ಗೆ ಕಂಪ್ಯೂಟರನ್ನು ತೆರೆದು ನೋಡಿದೆನು. ಅವರ ಹೆಸರಿನ ಪುಟವೇ ಇರಲಿಲ್ಲ. ಐದು ವರ್ಷದ ಮಾತು, ಅವರದೂ ನನ್ನದೂ, ಒಂದಕ್ಷರವೂ ಉಳಿಯದಂತೆ ಹೋಗಿತ್ತು.

ಇದು ಯಂತ್ರದ ದೋಷವಲ್ಲ. ೨೦೧೭ರಲ್ಲಿ ಟೆಲಿಗ್ರಾಂ ಬಳಕೆದಾರರಿಗೆ ತಾವು ಕಳುಹಿಸಿದ ಮಾತನ್ನು ೪೮ ಗಂಟೆಗಳೊಳಗಾಗಿ ಹಿಂದಕ್ಕೆ ಪಡೆಯುವ ಅವಕಾಶವನ್ನು ಕೊಟ್ಟಿತು. ೨೦೧೯ರ ಮಾರ್ಚಿಯಲ್ಲಿ ಆ ಅವಧಿಯನ್ನು ತೆಗೆದುಹಾಕಿ, ಇಬ್ಬರ ನಡುವಣ ಸಂಭಾಷಣೆಯಲ್ಲಿ ಯಾರು ಬರೆದ ಮಾತನ್ನಾದರೂ, ಎಂದು ಬರೆದುದನ್ನಾದರೂ, ಇಬ್ಬರ ಕಡೆಯಿಂದಲೂ ಅಳಿಸುವ ಅಧಿಕಾರವನ್ನು ಇಬ್ಬರಲ್ಲಿ ಒಬ್ಬೊಬ್ಬರಿಗೂ ಒಪ್ಪಿಸಿತು. ವಾಟ್ಸಾಪಿನಲ್ಲಿ ತನ್ನ ಮಾತನ್ನು ಅಳಿಸಿದವನು ‘ಇಲ್ಲೊಂದು ಮಾತಿತ್ತು, ಅಳಿಸಲಾಗಿದೆ’ ಎಂಬ ಗುರುತನ್ನಾದರೂ ಬಿಟ್ಟುಹೋಗುತ್ತಾನೆ. ಇಲ್ಲಿ ಗುರುತೂ ಇಲ್ಲ.

ನನ್ನ ಮಿತ್ರರಿಗೆ ಸಾಧ್ಯವಿದ್ದುದನ್ನು ಅವರು ಮಾಡಿದರು. ಮಾಡುವುದಕ್ಕೆ ಅವರಿಗೆ ಹಕ್ಕಿದ್ದಿತೆ?

ಇಂಗ್ಲೆಂಡಿನಲ್ಲಿ ೧೭೪೧ರಲ್ಲಿ ಇಂಥದೇ ಒಂದು ವ್ಯಾಜ್ಯ ನಡೆಯಿತು. ಅಲೆಗ್ಜಾಂಡರ್ ಪೋಪ್ ಕವಿಯ ಕಾಗದಗಳನ್ನು ಎಡ್ಮಂಡ್ ಕರ್ಲ್ ಎಂಬ ಪುಸ್ತಕವ್ಯಾಪಾರಿ ಅಚ್ಚುಹಾಕಿಸಿದನು. ಕಳುಹಿಸಿದ ಮೇಲೆ ಕಾಗದವು ಕೊಟ್ಟ ಕಾಣಿಕೆಯಂತೆ, ಬರೆದವನಿಗೆ ಅದರಲ್ಲಿ ಹಕ್ಕಿಲ್ಲವೆಂಬುದು ವ್ಯಾಪಾರಿಯ ವಾದ. ನ್ಯಾಯಾಧಿಪತಿ ಲಾರ್ಡ್ ಹಾರ್ಡ್‌ವಿಕ್ ಅದನ್ನು ಒಪ್ಪಲಿಲ್ಲ. ಪಡೆದವನಿಗೆ ಸೇರುವುದು ಹೆಚ್ಚೆಂದರೆ ಆ ಹಾಳೆ. ಮಾತನ್ನು ಲೋಕಕ್ಕೆ ಪ್ರಕಟಿಸುವ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆ ಎಂದು ಅವನು ತೀರ್ಮಾನಿಸಿದನು. ನ್ಯಾಯವಾದ ಹಂಚಿಕೆಯೆಂದೇ ಅದನ್ನು ಎಲ್ಲರೂ ಒಪ್ಪುವರು. ಮಾತು ಬರೆದವನದು, ಹಾಳೆ ಪಡೆದವನದು. ಬರೆದವನು ಹಾಳೆಯನ್ನು ಕಸಿಯಲಾರನು. ಪಡೆದವನು ಮಾತನ್ನು ಮಾರಲಾರನು. ಒಬ್ಬರ ಹಕ್ಕು ಇನ್ನೊಬ್ಬರ ಹಕ್ಕಿಗೆ ಕಟ್ಟೆ.

ಈಗ ಹಾಳೆಯೇ ಇಲ್ಲ! ಹಂಚಿಕೆಯಲ್ಲಿ ಪಡೆದವನ ಪಾಲಿಗೆ ಬಂದಿದ್ದುದು ಯಾವುದೋ ಅದೇ ಇಲ್ಲವಾಯಿತು. ಹಾಳೆಯೊಡನೆ ಹೋದುದೇನೆಂದು ಮೊದಲು ಕೇಳಿದೆನಷ್ಟೆ. ಹೋದುದು ಪಡೆದವನ ಪಾಲು.

ಮಿತ್ರರ ಕಡೆಯಿಂದ ಹೇಳಬಹುದಾದುದನ್ನೂ ಹೇಳಬೇಕು. ಈ ಸಂದೇಶಗಳು ಕಾಗದಗಳೇ ಅಲ್ಲ, ಜಗಲಿಯ ಮೇಲೆ ಕುಳಿತು ಆಡಿದ ಮಾತುಗಳು. ಜಗಲಿಯ ಮಾತನ್ನು ಯಾರೂ ದಫ್ತರದಲ್ಲಿ ಕಟ್ಟಿಡುವುದಿಲ್ಲ. ಆಡಿದ ಮಾತು ಗಾಳಿಗೆ ಹೋಗುವುದೇ ಮನುಷ್ಯರಿಗೆ ಒಂದು ಉಪಕಾರ ಎಂದು ಅವರು ವಾದಿಸಬಹುದು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ದುಃಖದಲ್ಲಿ ಆಡಿದ ಮಾತು, ಕೋಪದಲ್ಲಿ ಜಾರಿದ ಮಾತು, ಇವು ಹತ್ತು ವರ್ಷಗಳ ಮೇಲೂ ಒಂದು ಪದವನ್ನು ಹುಡುಕಿದೊಡನೆ ಎದ್ದು ನಿಲ್ಲುವುದು ಯಾರಿಗೂ ಹಿತವಲ್ಲ. ಮರವೆಯಿಲ್ಲದ ಕಡೆ ಕ್ಷಮೆಯೂ ಕಷ್ಟ. ನಾನೇ ಒಂದೆರಡು ಸಲ ಬಿರುಸಾಗಿ ಬರೆದುದನ್ನು ಅವರು ಓದುವ ಮೊದಲೇ ಅಳಿಸಿದ್ದುಂಟು. ಹಾಗೆ ಅಳಿಸಿದುದಕ್ಕೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ.

ಆದರೆ ಜಗಲಿಯ ಮಾತಿಗೆ ಕೇಳಿದವನ ನೆನಪೇ ಹಾಳೆ. ಅದನ್ನು ಆಡಿದವನು ಕಿತ್ತುಕೊಳ್ಳಲಾರನು. ಬರೆಹವನ್ನು ನಂಬಿದವನಾದರೋ ನೆನಪಿಡುವ ಶ್ರಮವನ್ನು ಬಿಟ್ಟಿರುತ್ತಾನೆ. ಎರಡನೆಯದಾಗಿ, ಸಂಭಾಷಣೆಯೆಂಬುದು ಇಬ್ಬರು ಕೂಡಿ ನೇಯ್ದ ಬಟ್ಟೆ. ಹಾಸು ಒಬ್ಬನದು, ಹೊಕ್ಕು ಇನ್ನೊಬ್ಬನದು. ತನ್ನ ಎಳೆಗಳನ್ನು ಹಿಂದೆಗೆಯುವುದು ಒಂದು, ಬಟ್ಟೆಯನ್ನೇ ಸುಡುವುದು ಇನ್ನೊಂದು. ನನ್ನ ಪ್ರಶ್ನೆಗಳು, ನನ್ನ ಸಮಾಧಾನದ ಮಾತುಗಳು, ನನ್ನ ತಪ್ಪುಗಳು ಕೂಡ, ಅವರದಾಗಿರಲಿಲ್ಲ. ತನ್ನ ಮಾತನ್ನು ಹಿಂದಕ್ಕೆ ಪಡೆಯುವವನು ಪಶ್ಚಾತ್ತಾಪಪಟ್ಟಿರಬಹುದು. ಇನ್ನೊಬ್ಬನ ಮಾತನ್ನು ಅವನಿಗೆ ತಿಳಿಸದೆ ಅಳಿಸುವವನು ಅವನ ಬದುಕಿನ ಒಂದು ತುಂಡಿಗೆ ಕೈಹಾಕಿದ್ದಾನೆ. ಇವೆರಡೂ ಒಂದೇ ಗುಂಡಿಯನ್ನು ಒತ್ತಿ ಮಾಡುವ ಕೆಲಸಗಳಾದುದರಿಂದ ಒಂದೇ ಕೆಲಸವೆಂಬ ಭ್ರಾಂತಿ ಹುಟ್ಟುತ್ತದೆ.

ಇಷ್ಟರಲ್ಲಿ ಓದುಗರಿಗೆ ಒಂದು ಸಂಗತಿಯನ್ನು ಹೇಳದೆ ಉಳಿಸಿದ್ದೇನೆ. ೨೦೧೮ರಿಂದ ಟೆಲಿಗ್ರಾಂ ಡೆಸ್ಕ್‌ಟಾಪಿನಲ್ಲಿ ಒಂದು ಏರ್ಪಾಡುಂಟು: ಸಂಭಾಷಣೆಯನ್ನೆಲ್ಲ ಮೇಘದಿಂದ ಇಳಿಸಿ ತನ್ನ ಕಂಪ್ಯೂಟರಿನಲ್ಲಿಯೇ ಕಡತವಾಗಿ ಇಟ್ಟುಕೊಳ್ಳಬಹುದು. ಮನಸ್ತಾಪಕ್ಕೆ ಒಂದು ವರ್ಷ ಮುಂಚೆ, ಹಳಗನ್ನಡದ ಟಿಪ್ಪಣಿಗಳು ಕೈತಪ್ಪಬಾರದೆಂದು, ನಾನು ಹಾಗೆ ಇಳಿಸಿಕೊಂಡಿದ್ದೆನು. ನಾಲ್ಕು ವರ್ಷದ ಮಾತು ನನ್ನಲ್ಲಿದೆ. ಅದು ಅವರಿಗೆ ತಿಳಿಯದು.

ಅದನ್ನು ನೆನಸಿಕೊಂಡಾಗ ಮೊದಲು ಬಂದುದು ಗೆದ್ದೆನೆಂಬ ಸಂತೋಷ; ಅದನ್ನು ಮುಚ್ಚಿಡಲಾರೆನು. ಮರುಗಳಿಗೆಯೇ ನಾಚಿಕೆ ಹಿಂಬಾಲಿಸಿತು. ಅವರು ನನಗೆ ತಿಳಿಸದೆ ಅಳಿಸಿದರೆಂದು ದೂರುವ ನಾನು, ಅವರಿಗೆ ತಿಳಿಸದೆ ಇಟ್ಟುಕೊಂಡಿದ್ದೇನೆ. ಎಲ್ಲವೂ ಅಳಿಯಿತೆಂದು ನಂಬಿ ಅವರು ನೆಮ್ಮದಿಯಾಗಿರಬಹುದು. ಆ ನೆಮ್ಮದಿ ಸುಳ್ಳೆಂದು ನಾನೊಬ್ಬನೇ ಬಲ್ಲೆನು. ಹಾಳೆಯ ಕಾಲದಲ್ಲಿ ಈ ಸಂಕಟವಿರಲಿಲ್ಲ. ಬರೆದವನಿಗೆ ತನ್ನ ಕಾಗದವು ಎಲ್ಲಿದೆಯೆಂಬುದು ಗೊತ್ತಿರುತ್ತಿತ್ತು. ಅವನಿಗೆ ತಿಳಿದಿದ್ದುದರಿಂದಲೇ ಅದನ್ನು ಇಟ್ಟುಕೊಳ್ಳುವುದು ಕಳ್ಳತನವಾಗುತ್ತಿರಲಿಲ್ಲ.

ಬಹಳ ದಿನ ತೊಳಲಾಡಿದ ಮೇಲೆ ನಾನು ಅವರಿಗೆ ಅಂಚೆಯಲ್ಲಿ ಒಂದು ಕಾಗದ ಬರೆದೆನು. ಹಾಳೆಯ ಮೇಲೆ, ಶಾಯಿಯಲ್ಲಿ. ನಾಲ್ಕು ವರ್ಷದ ಪ್ರತಿ ನನ್ನಲ್ಲಿರುವುದಾಗಿಯೂ, ಅದನ್ನು ಇದುವರೆಗೆ ಯಾರಿಗೂ ತೋರಿಸಿಲ್ಲ, ಮುಂದೆಯೂ ತೋರಿಸುವುದಿಲ್ಲವೆಂದೂ, ಅವರ ಪತ್ನಿಯವರ ವಿಷಯವಾದ ಮಾತುಗಳನ್ನು ತೆಗೆದುಬಿಡಬೇಕೆಂದು ಅವರು ಬಯಸಿದರೆ ಹಾಗೆಯೇ ಮಾಡುವೆನೆಂದೂ, ನಾನು ಬರೆದುದನ್ನು ಮಾತ್ರ ನಾನು ಉಳಿಸಿಕೊಳ್ಳುವೆನೆಂದೂ ತಿಳಿಸಿದೆನು. ಹದಿನೈದು ದಿನಗಳ ಮೇಲೆ ಕಾರ್ಡು ಬಂದಿತು. ಅದರಲ್ಲಿ ಮನಸ್ತಾಪದ ಪ್ರಸ್ತಾಪವಿಲ್ಲ, ಕ್ಷಮೆಯೂ ಇಲ್ಲ. “ಅವಳ ವಿಷಯ ಬರೆದುದು ನನ್ನಲ್ಲೀಗ ಇಲ್ಲ. ಅಷ್ಟನ್ನು ಪ್ರತಿಮಾಡಿ ಕಳುಹಿಸಿ” ಎಂದಷ್ಟೇ ಇತ್ತು. ಕಳುಹಿಸಿದೆನು.

ಈ ಅನುಭವದಿಂದ ಲೋಕಕ್ಕೆಲ್ಲ ಶಾಸನ ಬರೆಯುವಷ್ಟು ಧೈರ್ಯ ನನಗಿಲ್ಲ. ಆದರೂ ಮೂರು ಮಾತುಗಳು ಸ್ಪಷ್ಟವಾಗಿ ತೋರುತ್ತವೆ. ತನ್ನ ಮಾತನ್ನು ಅಳಿಸುವವನು ಅಳಿಸಿದೆನೆಂದು ಹೇಳಲಿ. ಇನ್ನೊಬ್ಬನ ಮಾತನ್ನು ಕೇಳದೆ ಅಳಿಸದಿರಲಿ. ಇಟ್ಟುಕೊಳ್ಳುವವನು ಇಟ್ಟುಕೊಂಡಿರುವುದನ್ನು ಮುಚ್ಚದಿರಲಿ. ಇವನ್ನು ಯಾವ ಸಂಸ್ಥೆಯೂ ನಮಗಾಗಿ ಗುಂಡಿಗಳನ್ನಿಟ್ಟು ನಡೆಸಿಕೊಡಲಾರದು. ಹಿಂದೆ ಹಾಳೆಯು ತಾನಾಗಿಯೇ ಕಾಯುತ್ತಿದ್ದ ಮರ್ಯಾದೆಯನ್ನು ಇನ್ನು ಮೇಲೆ ಮನುಷ್ಯರು ತಾವೇ ಕಾಯಬೇಕಾಗಿದೆ.