ಬೇಡ ಎಂದವರ ತಟ್ಟೆ

ಉಪಚಾರ ಎನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮನೆಗೆ ಬಂದವರಿಗೆ ಮಾಡುವುದೂ ಉಪಚಾರ, ಕಾಯಿಲೆ ಬಿದ್ದವರಿಗೆ ಮಾಡುವುದೂ ಉಪಚಾರ. ಪಂಕ್ತಿಯಲ್ಲಿ ಕೂತವರಿಗೆ ‘ಇನ್ನೊಂದೇ ಹೋಳಿಗೆ, ಸಣ್ಣದು’ ಎಂದು ಒತ್ತಾಯ ಮಾಡಿದರೆ ಅದು ಉಪಚಾರ. ಗಾಯಕ್ಕೆ ಪಟ್ಟಿ ಕಟ್ಟಿದರೆ ಪ್ರಥಮೋಪಚಾರ. ಇವೆರಡಕ್ಕೂ ಒಂದೇ ಹೆಸರು ಬಂದದ್ದು ಸುಮ್ಮನೆ ಅಲ್ಲ ಎಂದು ನನಗೆ ಅನ್ನಿಸತೊಡಗಿದ್ದು ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ ಇಪ್ಪತ್ತೆರಡು ದಿನಗಳಲ್ಲಿ.

ಅಪ್ಪನಿಗೆ ಆಗ 78 ವರ್ಷ. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹರಡಿತ್ತು. ಔಷಧದ ವಿಷಯದಲ್ಲಿ ಆಸ್ಪತ್ರೆಯವರನ್ನು ದೂರುವಂತಿರಲಿಲ್ಲ. ಇಂಜೆಕ್ಷನ್ ಆರು ಗಂಟೆಗೆಂದರೆ ಆರಕ್ಕೇ. ಮೂತ್ರ ಎಷ್ಟು ಹೋಯಿತೆಂಬುದನ್ನು ಮಿಲಿಲೀಟರಿನಲ್ಲಿ ಬರೆದಿಡುತ್ತಿದ್ದರು. ತಟ್ಟೆ ಮಾತ್ರ ಲೆಕ್ಕದ ಹೊರಗೆ. ಎಂಟಕ್ಕೆ ಬರುತ್ತಿತ್ತು, ಒಂಬತ್ತಕ್ಕೆ ಹೋಗುತ್ತಿತ್ತು. ಅದರಲ್ಲಿದ್ದ ಉಪ್ಪಿಟ್ಟು ಹೊಟ್ಟೆಗೆ ಹೋಯಿತೋ ಬಕೆಟ್ಟಿಗೆ ಹೋಯಿತೋ ಎಂದು ಬರೆಯಲು ಆ ಚಾರ್ಟಿನಲ್ಲಿ ಜಾಗವೇ ಇರಲಿಲ್ಲ. ತಟ್ಟೆ ತರುವ ಹುಡುಗ ‘ಅಜ್ಜಾರೇ, ಊಟ ಬೇಕಾ?’ ಅನ್ನುತ್ತಿದ್ದ. ಆಕ್ಸಿಜನ್ ಮಾಸ್ಕಿನ ಒಳಗಿನಿಂದ ಅಪ್ಪ ‘ಬೇಡ’ ಅನ್ನುತ್ತಿದ್ದರು. ಅವನು ಮುಂದಿನ ಮಂಚಕ್ಕೆ ನಡೆಯುತ್ತಿದ್ದ. ಅವನನ್ನು ಬೈದು ಉಪಯೋಗವಿಲ್ಲ. ಬೇಡ ಎಂದರೆ ಬೇಡ ಎಂದೇ ಅಲ್ಲವೇ ಅರ್ಥ?

ನಮ್ಮ ಕಡೆ ಅಲ್ಲ. ಮಲೆನಾಡಿನಲ್ಲಿ ಮೊದಲನೆಯ ಬೇಡ ಮರ್ಯಾದೆಯದು, ಎರಡನೆಯದು ಸಂಕೋಚದ್ದು, ಮೂರನೆಯದನ್ನು ಬೇಕಾದರೆ ನಂಬಬಹುದು. ಇದನ್ನು ನನಗೆ ಕಲಿಸಿದವರು ಅಪ್ಪನೇ. ಊರಿನ ಯಾವ ಮದುವೆಯಿದ್ದರೂ ಬಡಿಸುವುದಕ್ಕೆ ಅವರಿಗೇ ಮೊದಲು ಕರೆ. ‘ಎಲೆಗೆ ಅಡ್ಡ ಹಿಡಿದ ಕೈ ನೋಡಬೇಕು ಮಾರಾಯ. ಬೆರಳು ಬಿಡಿಬಿಡಿಯಾಗಿದ್ದರೆ ಇನ್ನೂ ಜಾಗ ಇದೆ ಅಂತ. ಅಂಗೈ ಎಲೆಗೆ ತಾಗಿದರೆ ಸಾಕು ಅಂತ. ಆಮೇಲೆ ಬಡಿಸಿದರೆ ಅದು ಬಡಿಸೋದಲ್ಲ, ಹಿಂಸೆ’ ಎನ್ನುತ್ತಿದ್ದರು.

ವಾರ್ಡಿನಲ್ಲಿ ಎಲ್ಲರಿಗೂ ಒಂದು ಸಮಾಧಾನ ಇರುತ್ತದೆ: ಗ್ಲೂಕೋಸ್ ಹೋಗ್ತಾ ಇದೆಯಲ್ಲ! ನೋಡಲು ಬಂದ ನೆಂಟರೂ ಬಾಟಲಿಯ ಕಡೆ ನೋಡಿ ನೆಮ್ಮದಿಯಿಂದ ಎದ್ದು ಹೋಗುತ್ತಾರೆ. ಮಾಮೂಲಿ ಅರ್ಧ ಲೀಟರಿನ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರ ಶಕ್ತಿ ನೂರು ಕ್ಯಾಲೊರಿಗೂ ಕಡಿಮೆ. ಹೆಚ್ಚೆಂದರೆ ಎರಡು ಸಣ್ಣ ಇಡ್ಲಿಯಷ್ಟು. ಪ್ರೋಟೀನು ಸೊನ್ನೆ. ಅಪ್ಪನ ತೂಕ 54 ಕಿಲೋ. ಅಷ್ಟು ತೂಕದ ಕಾಯಿಲೆಯವರಿಗೆ ದಿನಕ್ಕೆ ಸುಮಾರು 65 ಗ್ರಾಂ ಪ್ರೋಟೀನು ಬೇಕು, ಮೊಟ್ಟೆಯ ಲೆಕ್ಕದಲ್ಲಿ ಹತ್ತು ಹನ್ನೊಂದು. ಮೊದಲ ವಾರ ಅವರ ಹೊಟ್ಟೆಗೆ ಹೋಗುತ್ತಿದ್ದುದು ದಿನಕ್ಕೆ ಎರಡು ಲೋಟ ಹಾಲು, ನಾಲ್ಕು ಚಮಚ ಗಂಜಿ. ಹೊರಗಿನಿಂದ ಬರದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ತಿನ್ನುತ್ತದೆ. ಕೆಮ್ಮಿ ಕಫ ಹೊರಹಾಕುವುದಕ್ಕೂ ಸ್ನಾಯುವೇ ಬೇಕು. ಔಷಧ ರೋಗಾಣುವನ್ನು ಕೊಲ್ಲಬಹುದು, ಕೆಮ್ಮುವ ಕೆಲಸ ಮಾತ್ರ ರೋಗಿಯೇ ಮಾಡಬೇಕು.

ಇದು ನಮ್ಮ ದೇಶದ ಬಡತನದ ಕಥೆಯೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲೇ, ಆಹಾರ ಎದುರಿಗಿದ್ದೂ ರೋಗಿಗಳು ಉಪವಾಸ ಬೀಳುವುದರ ಬಗ್ಗೆ ದೂರಿದ್ದಾಳೆ. ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ 1974ರಲ್ಲಿ ಇದನ್ನೇ ಆಸ್ಪತ್ರೆಯವರು ಕಪಾಟಿನಲ್ಲಿ ಬಚ್ಚಿಟ್ಟ ಅಸ್ಥಿಪಂಜರ ಎಂದು ಕರೆದ. ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲಿ ಊಟ. ಇನ್ನೊಂದಕ್ಕೆ ಒಬ್ಬೊಬ್ಬರ ಅಗತ್ಯ ನೋಡಿ, ಬೆನ್ನು ಹತ್ತಿ ಕೊಟ್ಟ ಆಹಾರ. ಮೂವತ್ತು ದಿನದೊಳಗೆ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 10 ಜನ ತೀರಿಕೊಂಡರು, ಎರಡನೆಯದರಲ್ಲಿ 7. ಇದು ಪ್ರಕಟವಾದದ್ದು 2019ರಲ್ಲಿ. ನೂರಕ್ಕೆ ಮೂರು ಜೀವ ಉಳಿಸುವ ಮಾತ್ರೆ ಬಂದಿದ್ದರೆ ಅದರ ಜಾಹೀರಾತನ್ನು ನಾವು ಎಷ್ಟು ನೋಡಬೇಕಾಗುತ್ತಿತ್ತೋ!

ಒಂಬತ್ತನೆಯ ದಿನ ಸ್ಕ್ಯಾನ್ ಇದೆಯೆಂದು ಬೆಳಗಿನಿಂದ ಏನೂ ಕೊಡಲಿಲ್ಲ. ಮೂರು ಗಂಟೆಗೆ ಸ್ಕ್ಯಾನ್ ನಾಳೆಗೆ ಹೋಯಿತು. ಅಷ್ಟರಲ್ಲಿ ಅಡುಗೆಮನೆ ಮುಚ್ಚಿತ್ತು. ಮರುದಿನ ಮತ್ತೆ ಉಪವಾಸ. ಏಕಾದಶಿ, ದ್ವಾದಶಿ ಎರಡೂ ಆಯಿತಲ್ಲ ಎಂದುಕೊಂಡು ಆವತ್ತು ಸಂಜೆ ಡಾಕ್ಟರ ಕೋಣೆಯ ಹೊರಗೆ ಕೂತೆ. ಕೇಳಿದ್ದು ನಾಲ್ಕೇ ವಿಷಯ. ದಿನಕ್ಕೆ ಎಷ್ಟು ತಿಂದರೆಂದು ಚಾರ್ಟಿನಲ್ಲಿ ಬರೆಯಬೇಕು. ಡಯಟೀಶಿಯನ್ ಬಂದು ನೋಡಬೇಕು. ಮನೆಯಿಂದ ಹೆಸರುಬೇಳೆ ತೊವ್ವೆ ತರಲು ಬಿಡಬೇಕು. ಡ್ರಾಯರಿನಲ್ಲಿ ಕಟ್ಟಿಟ್ಟ ಹಲ್ಲಿನ ಸೆಟ್ಟನ್ನು ಊಟದ ಹೊತ್ತಿಗಾದರೂ ಹಾಕಬೇಕು. ಡಾಕ್ಟರು ಒಳ್ಳೆಯವರು, ಸಿಟ್ಟಾಗಲಿಲ್ಲ. ‘ಒಂದೇ ಸಲ ಹೆಚ್ಚು ಕೊಡಬಾರದು’ ಎಂದು ಎಚ್ಚರಿಸಿದರು. 1945ರಲ್ಲಿ ಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಎಷ್ಟೋ ಮಂದಿ ಒಮ್ಮೆಲೇ ಹೊಟ್ಟೆ ತುಂಬ ತಿಂದು ಸತ್ತರಂತೆ ಎಂದು ನಾನು ಓದಿದ್ದೆ. ಆದದ್ದು ಏಕೆಂದು ಅವರು ಬಿಡಿಸಿ ಹೇಳಿದರು. ಬಹಳ ದಿನ ಹಸಿದ ದೇಹಕ್ಕೆ ದಿಢೀರನೆ ಆಹಾರ ಸುರಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಮಲಗಿದ್ದವರ ಬಾಯಿಗೆ ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಒಟ್ಟಿನಲ್ಲಿ ಬಡಿಸುವುದಕ್ಕೆ ಕೈ ನೋಡುವ ವಿದ್ಯೆ ಇಲ್ಲಿಯೂ ಬೇಕು.

ಮರುದಿನದಿಂದ ಅಪ್ಪನಿಗೆ ಮೊಟ್ಟೆ ಬಂತು. ಪಕ್ಕದ ಮಂಚದವರಿಗೆ ಬರಲಿಲ್ಲ. ಅವರೂ ಅಪ್ಪನ ವಯಸ್ಸಿನವರೇ, ಹಾವೇರಿ ಕಡೆಯವರು. ಮಗ ಕೂಲಿ ಬಿಟ್ಟು ಬರುವಂತಿಲ್ಲ. ಎರಡು ದಿನಕ್ಕೊಮ್ಮೆ ಸಂಜೆ ಬಂದು ಹೋಗುತ್ತಿದ್ದ. ಹಾಗಾದರೆ ನಾನು ಮಾಡಿದ್ದು ನ್ಯಾಯವೋ ವಶೀಲಿಯೋ? ಇಸ್ತ್ರಿ ಮಾಡಿದ ಅಂಗಿ ಹಾಕಿ, ನಡುವೆ ನಾಲ್ಕು ಇಂಗ್ಲಿಷ್ ಮಾತು ಸೇರಿಸಿ ಕೇಳಿದ್ದರಿಂದ ಸಿಕ್ಕಿದ್ದನ್ನು ಹಕ್ಕು ಎನ್ನುವುದು ಹೇಗೆ? ಹಾಗೆಂದು, ಅವರಿಗೆ ಇಲ್ಲ ಎಂದು ಅಪ್ಪನಿಗೂ ಬೇಡ ಎನ್ನುವುದು ಯಾವ ಸೀಮೆಯ ಧರ್ಮ? ನನಗೆ ತೋರುವುದು ಇಷ್ಟು: ಕೇಳುವುದು ತಪ್ಪಲ್ಲ, ಆದರೆ ಪಕ್ಕದ ಮಂಚಕ್ಕೂ ಸಲ್ಲುವಂಥದ್ದನ್ನು ಕೇಳಬೇಕು. ಮೊಟ್ಟೆ ಅಪ್ಪನೊಬ್ಬನದು, ಚಾರ್ಟಿನ ಕಾಲಮ್ಮು ಎಲ್ಲರದು. ಅದನ್ನೇ ಸಿಸ್ಟರ್ ಹತ್ತಿರ ಹೇಳಿದೆ. ‘ಬರೆಯೋರು ಯಾರು ಸರ್? ರಾತ್ರಿ ನಲವತ್ತು ಬೆಡ್ಡಿಗೆ ಇಬ್ಬರು ಇದ್ದೇವೆ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಒತ್ತಾಯಕ್ಕೂ ಒಂದು ಕೊನೆ ಇದೆ. ದೊಡ್ಡಮ್ಮ 2009ರಲ್ಲಿ ಕೊನೆಯ ವಾರ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು. ಸಾಯುವ ದೇಹಕ್ಕೆ ಹಸಿವು ತಾನಾಗಿ ಆರುತ್ತದೆ. ಅಲ್ಲಿ ಊಟ ಬಿಟ್ಟದ್ದರಿಂದ ಸಾವು ಬರುವುದಿಲ್ಲ, ಸಾವು ಬಂದದ್ದರಿಂದ ಊಟ ಬಿಟ್ಟುಹೋಗುತ್ತದೆ. ಆಗ ಚಮಚ ಹಿಡಿಯುವುದು ನಮ್ಮ ಸಮಾಧಾನಕ್ಕೆ. ಅವಳ ಅಂಗೈ ಎಲೆಗೆ ತಾಗಿತ್ತು. ತುಟಿ ಒದ್ದೆ ಮಾಡಿ ಸುಮ್ಮನಾದೆವು. ಅಪ್ಪನ ಬೆರಳು ಇನ್ನೂ ಬಿಡಿಯಾಗಿತ್ತು. ಎರಡನ್ನೂ ‘ರೋಗಿ ಊಟ ನಿರಾಕರಿಸಿದರು’ ಎಂಬ ಒಂದೇ ವಾಕ್ಯದಲ್ಲಿ ಬರೆದು ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹದಿನಾರನೆಯ ದಿನ ಮಾಸ್ಕು ತೆಗೆದರು. ಅಪ್ಪ ದಿಂಬಿಗೆ ಒರಗಿ ಕೂತು ತೊವ್ವೆ ತಿನ್ನುತ್ತ ಪಕ್ಕದ ಮಂಚದ ಕಡೆ ಕಣ್ಣು ಮಾಡಿ, ‘ಅವರಿಗೆ ಕೇಳು’ ಎಂದರು. ಕೇಳಿದೆ. ಅವರು ಬೇಡ ಎಂದರು. ‘ಇನ್ನೊಂದು ಸಲ’ ಎಂದರು ಅಪ್ಪ. ಮೂರನೆಯ ಸಲಕ್ಕೆ ಅವರು ನಿಧಾನವಾಗಿ ಎದ್ದು ಕೂತು, ಬಟ್ಟಲು ಕೈಗೆ ತೆಗೆದುಕೊಂಡು, ‘ಉಪ್ಪಿನಕಾಯಿ ಏನಾರ ಐತೇನ್ರಿ?’ ಎಂದು ಕೇಳಿದರು.